ತಾಂಬೂಲದ ಕವರಿನಲ್ಲಿ ಬಂದ ಗಿಡ

ಕದ್ದು ತಂದ ಗಿಡ ಚೆನ್ನಾಗಿ ಹತ್ತುತ್ತದೆ ಎಂದು ನಮ್ಮ ಕಡೆ ಒಂದು ನಂಬಿಕೆಯಿದೆ. ಕೇಳಿ ತಂದದ್ದು ಕೊಟ್ಟವರ ಮನಸ್ಸಿನ ಹಾಗೆ ಅರೆಬರೆ ಬದುಕುತ್ತದೆ, ದುಡ್ಡು ಕೊಟ್ಟು ತಂದದ್ದು ನರ್ಸರಿಯ ಗೇಟು ದಾಟುವವರೆಗೆ ಮಾತ್ರ ಹಸಿರಾಗಿರುತ್ತದೆ, ಕದ್ದದ್ದು ಮಾತ್ರ ಕಲ್ಲಿನ ಮೇಲಿಟ್ಟರೂ ಚಿಗುರುತ್ತದೆ. ಈ ಶಾಸ್ತ್ರವನ್ನು ಯಾರು ಬರೆದರೋ ಗೊತ್ತಿಲ್ಲ. ಆದರೆ ಜಯನಗರದಿಂದ ಬನಶಂಕರಿಯವರೆಗೆ ಬೆಳಗಿನ ವಾಕಿಂಗ್ ಹೋಗುವ ಗೌರವಸ್ಥರೆಲ್ಲ ಇದನ್ನು ಶ್ರದ್ಧೆಯಿಂದ ಪಾಲಿಸುತ್ತಾರೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟ ನಾನೂ ಪಾಲಿಸಿದೆ. ವಿಜ್ಞಾನ ಬೇರೆ, ಶಾಸ್ತ್ರ ಬೇರೆ.

ನಾನು ಕದ್ದದ್ದು ಒಂದು ಬ್ರೊಮೀಲಿಯಾಡ್ ಮರಿಯನ್ನು. ಹೆಸರು ಕೇಳಿ ಹೆದರಬೇಡಿ, ಅನಾನಸ್ ಹಣ್ಣಿನ ಬಳಗದ ಗಿಡ ಅಷ್ಟೆ. ಇದರ ಎಲೆಗಳು ಬುಡದಲ್ಲಿ ಒಂದನ್ನೊಂದು ಅಪ್ಪಿಕೊಂಡು ಲೋಟದ ಹಾಗೆ ನಿಲ್ಲುತ್ತವೆ. ನೀರು ಹಾಕುವುದು ಮಣ್ಣಿಗಲ್ಲ, ಆ ಲೋಟಕ್ಕೆ. ಬಿಸಿಲು ಹೆಚ್ಚಾದರೂ ಸಿಟ್ಟು, ಕಡಿಮೆಯಾದರೂ ಸಿಟ್ಟು. ನಿವೃತ್ತಿಯಾದ ಮೇಲೆ ಕೆಲವರಿಗೆ ದೇವಸ್ಥಾನದ ಹುಚ್ಚು ಹಿಡಿಯುತ್ತದೆ, ಕೆಲವರಿಗೆ ಷೇರಿನ ಹುಚ್ಚು. ನನಗೆ ಈ ಗಿಡಗಳ ಹುಚ್ಚು ಹಿಡಿಯಿತು. ಜೆ.ಪಿ. ನಗರದ ನಮ್ಮ ಮನೆಯ ತಾರಸಿಯ ಮೇಲೆ ಮೊನ್ನೆಯವರೆಗೆ ಮೂವತ್ತು ಕುಂಡಗಳಿದ್ದವು. ಇಪ್ಪತ್ತೊಂಬತ್ತಕ್ಕೆ ಹೆಸರಿನ ಪಟ್ಟಿ ಚುಚ್ಚಿದ್ದೆ. ಮೂವತ್ತನೆಯದಕ್ಕೆ ಹೆಸರು ಹುಡುಕಿದ ಕಥೆಯೇ ಇದು.

ಆರು ವರ್ಷದ ಹಿಂದೆ, ವರಮಹಾಲಕ್ಷ್ಮಿ ಹಬ್ಬದ ಸಂಜೆ. ಅರಿಶಿನ ಕುಂಕುಮಕ್ಕೆ ಕರೆದವರ ಮನೆಗಳನ್ನು ಒಂದೊಂದಾಗಿ ಮುಗಿಸಿಕೊಂಡು ಕೊನೆಗೆ ಜಯನಗರದ ಕೆಮಿಸ್ಟ್ರಿ ಮೇಡಂ ಮನೆಗೆ ಹೋದೆ. ನಾನಿದ್ದ ಶಾಲೆಯಲ್ಲೇ ಅವರು ಕೆಮಿಸ್ಟ್ರಿ ಹೇಳಿಕೊಡುತ್ತಿದ್ದರು, ನನಗಿಂತ ನಾಲ್ಕು ವರ್ಷ ಹಿರಿಯರು. ಪಿಂಚಣಿ ಬರಲು ಶುರುವಾಗಿ ಎಷ್ಟು ಕಾಲವಾದರೂ ಟೀಚರುಗಳು ಒಬ್ಬರನ್ನೊಬ್ಬರು ಮೇಡಂ ಎಂದೇ ಕರೆಯುವುದು. ಅವರ ಮನೆಯಲ್ಲಿ ಕೋಸಂಬರಿಗೆ ಕೊರತೆಯಿಲ್ಲ, ಮಾತಿಗೂ ಕೊರತೆಯಿಲ್ಲ, ಗಿಡ ಕೊಡುವ ವಿಷಯದಲ್ಲಿ ಮಾತ್ರ ಕೈ ಬಿಗಿ. ದೊಡ್ಡಪತ್ರೆಯ ಒಂದು ಕಡ್ಡಿ ಕೇಳಿದರೂ "ಎಷ್ಟೊತ್ತು ಬಿಸಿಲು ಬರುತ್ತೆ ನಿಮ್ಮಲ್ಲಿ? ಮಣ್ಣು ಯಾವ್ದು? ನೀರು ಹಾಕೋದು ಯಾರು?" ಎಂದು ವೈವಾ ನಡೆಸುತ್ತಾರೆ. ಆಮೇಲೆ "ಮಳೆಗಾಲ ಆಗ್ಲಿ ನೋಡೋಣ" ಎಂದು ಫೇಲ್ ಮಾಡುತ್ತಾರೆ.

ಲಕ್ಷ್ಮಿಗೆ ಕೈಮುಗಿದು, ತಾಂಬೂಲದ ಕವರು ಹಿಡಿದು, ಚಪ್ಪಲಿ ಹಾಕಿಕೊಳ್ಳಲು ಮನೆಯ ಪಕ್ಕದ ಸಂದಿಗೆ ಬಂದೆ. ಅಲ್ಲಿ ಕುಂಡಗಳ ಸಾಲು. ತುದಿಯ ಕುಂಡದಲ್ಲಿ ಎತ್ತರದ ಒಂದು ಬ್ರೊಮೀಲಿಯಾಡ್, ಎಲೆಗಳ ತುದಿ ಒಣಗಿ, ನಡುವೆ ಬಾಡಿದ ಹೂದಂಟು. ಬುಡದಲ್ಲಿ ಒಂದೇ ಒಂದು ಮರಿ, ಕಡುಹಸಿರು ಮೈಮೇಲೆ ಬೆಳ್ಳಿಯ ಪಟ್ಟೆಗಳು. ಒಳಗೆ ಯಾರೋ ಹಾಡಲು ಶುರುಮಾಡಿದ್ದರು, ಎಲ್ಲರೂ ಭಕ್ತಿಯಿಂದ ಕಣ್ಣು ಮುಚ್ಚಿರುವ ಸಮಯ. ಮರಿಯನ್ನು ಹಿಡಿದು ತಿರುಚಿದೆ. ಪಟ್ಟೆಂದು ಕಿತ್ತು ಬಂತು. ಎಲೆಯಂಚಿನ ಮುಳ್ಳು ಅಂಗೈ ಗೀರಿತು. ಮೇಡಂ ಆಗಷ್ಟೇ ಕೊಟ್ಟಿದ್ದ ಬ್ಲೌಸ್ ಪೀಸಿನಲ್ಲೇ ಮರಿಯನ್ನು ಸುತ್ತಿ, ತೆಂಗಿನಕಾಯಿ, ವೀಳ್ಯದೆಲೆ, ಬಾಳೆಹಣ್ಣುಗಳ ಕೆಳಗೆ ತಳ್ಳಿದೆ. ದೇವರ ಪ್ರಸಾದದ ಜೊತೆ ಬಂದ ಗಿಡಕ್ಕೆ ಕಳ್ಳತನದ ದೋಷ ತಟ್ಟುವುದಿಲ್ಲ ಎಂದು ಆಟೋದಲ್ಲಿ ಕೂತು ನಾನೇ ತೀರ್ಪು ಕೊಟ್ಟುಕೊಂಡೆ.

ಬಾಳೆ ಗೊನೆ ಹಾಕಿದ ಮೇಲೆ ಸಾಯುತ್ತದೆ, ಕಂದಿನಲ್ಲಿ ಅದರ ವಂಶ ಮುಂದುವರಿಯುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದ್ದೇನೆ. ಇದೂ ಅಂಥದ್ದೇ ಗಿಡ, ಒಮ್ಮೆ ಹೂ ಬಿಟ್ಟು ಸಾಯುವಂಥದ್ದು, ಆ ಒಂದೇ ಮರಿ ಬಿಟ್ಟರೆ ಅದಕ್ಕೆ ದಿಕ್ಕಿಲ್ಲ ಎಂಬುದು ನನಗಾಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಬಿಟ್ಟು ಬರುತ್ತಿದ್ದೆನೇ? ಪರೀಕ್ಷೆಗೆ ಬರದ ಪ್ರಶ್ನೆಗೆ ಉತ್ತರ ಬರೆಯುವ ಅಭ್ಯಾಸ ನನಗಿಲ್ಲ.

ಎರಡು ತಿಂಗಳಾದ ಮೇಲೆ ಸಾರಕ್ಕಿ ಮಾರ್ಕೆಟ್ಟಿನಲ್ಲಿ ಸೊಪ್ಪು ಆರಿಸುತ್ತಿದ್ದಾಗ ಒಬ್ಬ ಹೆಂಗಸು ಬಂದು ಮಾತಾಡಿಸಿದಳು. ಮೇಡಂ ಮನೆಯಲ್ಲಿ ಮನೆಗೆಲಸಕ್ಕಿದ್ದಾಕೆ. ನಲವತ್ತರ ಆಸುಪಾಸು, ಪುಟ್ಟೇನಹಳ್ಳಿಯಲ್ಲಿ ಬಾಡಿಗೆ ಮನೆ.

"ಅಮ್ಮ, ಆ ಮನೆ ಬಿಟ್ಬಿಟ್ಟೆ. ನಿಮ್ ಕಡೆ ಯಾರ್ ಮನೇಲಾದ್ರೂ ಕೆಲ್ಸ ಇದ್ರೆ ಹೇಳಿ."

"ಯಾಕಮ್ಮ, ಏನಾಯ್ತು?"

"ಏನೋ ಗಲಾಟೆ ಆಯ್ತು, ಬಿಡಿ."

ನಮ್ಮ ಮನೆಯಲ್ಲೇ ಆಗ ಕೆಲಸದವರಿರಲಿಲ್ಲ. ಮಾರನೆಯ ದಿನದಿಂದಲೇ ಬಾ ಎಂದೆ. ಕಷ್ಟದಲ್ಲಿದ್ದವಳಿಗೆ ದಾರಿ ತೋರಿಸಿದೆ ಎಂಬ ಹೆಮ್ಮೆಯಲ್ಲಿ ಮನೆಗೆ ಬಂದು ನಮ್ಮ ಯಜಮಾನರಿಗೆ ಎರಡು ಸಲ ಹೇಳಿದೆ. ಒಂದು ವಾರ ಕಳೆದಿರಬೇಕು, ಮೇಡಂ ಫೋನು ಬಂತು. "ಅವಳನ್ನ ಇಟ್ಕೊಂಡಿದೀರಂತೆ? ನಿಮ್ಮಿಷ್ಟ. ಕೈ ಸರಿಯಿಲ್ಲ, ಹುಷಾರು." ಏನು ಕದ್ದಳು ಎಂದು ನಾನು ಕೇಳಲಿಲ್ಲ. ಕೇಳದೆ ಇದ್ದದ್ದರಿಂದ ಗೊತ್ತಿರಲಿಲ್ಲ ಎಂದು ಈಗ ಹೇಳಿಕೊಳ್ಳಬಹುದು. ಅವತ್ತು ಫೋನಿಟ್ಟವಳೇ ದೇವರ ಮನೆಯ ಬೆಳ್ಳಿ ದೀಪಗಳನ್ನೂ ಪಂಚಪಾತ್ರೆಯನ್ನೂ ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಆರು ತಿಂಗಳು ನಮ್ಮ ದೇವರು ಸ್ಟೀಲಿನ ಹಣತೆಯಲ್ಲೇ ಕಾಲ ಹಾಕಿದ.

ಗಿಡವೇನೋ ಹತ್ತಿತು. ಹತ್ತಿ ಸುಮ್ಮನೆ ಕೂತಿತು. ನೀರಿನ ಟ್ಯಾಂಕಿನ ನೆರಳಲ್ಲಿ ಎಲೆ ಬಿಟ್ಟಿತು, ಎತ್ತರವಾಯಿತು, ವರ್ಷಗಳು ಉರುಳಿದರೂ ಹೂ ಬಿಡಲಿಲ್ಲ, ಮರಿ ಹಾಕಲಿಲ್ಲ. ಅಲ್ಲಿಗೆ ಕದ್ದ ಗಿಡದ ಶಾಸ್ತ್ರವೂ ಅರ್ಧ ಸುಳ್ಳಾಯಿತು. ಅದರ ಆರೈಕೆಯನ್ನು ನಾನು ಮಾಡುತ್ತಿದ್ದೆ ಎಂದು ಬರೆದರೆ ಇನ್ನೊಂದು ಸುಳ್ಳು. ಮಾಡುತ್ತಿದ್ದದ್ದು ಆಕೆ. ಎಲೆಯ ಲೋಟದಲ್ಲಿ ನೀರು ನಿಂತರೆ ಸೊಳ್ಳೆ ಮೊಟ್ಟೆ ಇಡುತ್ತದೆ ಎಂದು ಡೆಂಗಿ ಕಾಲದಲ್ಲಿ ಮನೆಮನೆಗೆ ಬರುವವರು ಎಚ್ಚರಿಸಿ ಹೋದ ಮೇಲೆ, ಎರಡು ದಿನಕ್ಕೊಮ್ಮೆ ಮೂವತ್ತು ಕುಂಡಗಳನ್ನೂ ಬಗ್ಗಿಸಿ ನೀರು ಚೆಲ್ಲಿ ಹೊಸ ನೀರು ತುಂಬುವ ಕೆಲಸ ಆಕೆಯದಾಯಿತು. ಈ ಗಿಡದ ಹತ್ತಿರ ಒಂದು ನಿಮಿಷ ಜಾಸ್ತಿ ನಿಲ್ಲುತ್ತಿದ್ದಳು. ಮುಳ್ಳಿಗೆ ಹೆದರಿ ನಿಧಾನವಾಗಿ ಮಾಡುತ್ತಿದ್ದಾಳೆ ಅಂದುಕೊಂಡಿದ್ದೆ.

ಇಪ್ಪತ್ತೊಂಬತ್ತು ಗಿಡಕ್ಕೆ ಹೆಸರಿದ್ದು ಒಂದಕ್ಕೆ ಇಲ್ಲದಿದ್ದರೆ ಟೀಚರಿಗೆ ನಿದ್ದೆ ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಮಗು ಕ್ಲಾಸಿನಲ್ಲಿ ಕೂತ ಹಾಗೆ. ಮೊದಲು ಮೊಬೈಲಿನ ಆ್ಯಪ್ ಕೇಳಿದೆ. ಅದು ಒಂದು ಸಲ ಅನಾನಸ್ ಎಂದಿತು, ಇನ್ನೊಂದು ಸಲ ಕತ್ತಾಳೆ ಎಂದಿತು. ಮೂರನೇ ಸಲ ನನ್ನ ಹೆಬ್ಬೆರಳೂ ಫೋಟೋದಲ್ಲಿ ಬಿದ್ದಿದ್ದರಿಂದ ಬೆಂಡೆಕಾಯಿ ಎಂದಿತು. ತಾರಸಿ ತೋಟದವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಅಲ್ಲಿ ಜ್ಞಾನಕ್ಕೇನು ಬರವೇ? ಬನಶಂಕರಿಯ ಒಬ್ಬ ಅಂಕಲ್ಲಿಗೆ ಜಗತ್ತಿನ ಎಲ್ಲ ಗಿಡವೂ ಶುಗರಿಗೆ ಒಳ್ಳೆಯದು. ಇದರ ಎಲೆಯನ್ನೂ ಖಾಲಿ ಹೊಟ್ಟೆಯಲ್ಲಿ ಅಗಿಯಲು ಹೇಳಿದರು, ಅಂಚಿಗೆ ಮುಳ್ಳಿರುವುದನ್ನು ಗಮನಿಸಲಿಲ್ಲ. ಒಬ್ಬರು ಮುಳ್ಳಿನ ಗಿಡ ವಾಸ್ತುವಿಗೆ ಆಗದು ಎಂದರು. ಇಬ್ಬರು ಮರಿ ಕೇಳಿದರು. ಉಳಿದವರು ಗುಡ್ ಮಾರ್ನಿಂಗ್ ಕಳಿಸಿದರು. ಕನಕಪುರ ರಸ್ತೆಯ ನರ್ಸರಿಯವನನ್ನು ಕೇಳಿದರೆ "ಇದು ಇಂಪೋರ್ಟೆಡ್ ಮೇಡಂ" ಎಂದ. ಹೆಸರೇನಪ್ಪ ಎಂದರೆ ಮತ್ತೆ "ಇಂಪೋರ್ಟೆಡ್" ಎಂದ.

ಕೊನೆಗೆ ಆ ಗುಂಪಿನಿಂದಲೇ ಒಂದು ಉಪಕಾರವಾಯಿತು. ಯಾರದೋ ಪರಿಚಯದ ಹುಡುಗಿ, ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದುಕೊಂಡು ಸಸ್ಯಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದವಳು, ಒಂದು ಭಾನುವಾರ ಮಸೂರ ಹಿಡಿದುಕೊಂಡು ಬಂದಳು. ನಮ್ಮ ಮನೆಯ ಇಡ್ಲಿ ತಿಂದಳು, ಗಿಡದ ಮುಂದೆ ಮಂಡಿಯೂರಿ ಕೂತಳು, ಎಲೆಯ ಹಿಂದುಮುಂದು ನೋಡಿದಳು.

"ಎಲೆ ನೋಡಿ ಹೆಸರು ಹೇಳೋದು ಅಂದ್ರೆ ಯೂನಿಫಾರ್ಮ್ ನೋಡಿ ಮಗು ಯಾರ್ದು ಅಂತ ಹೇಳ್ದಂಗೆ ಮೇಡಂ. ಹೂ ಬೇಕು."

"ಆರು ವರ್ಷದಿಂದ ಬಿಟ್ಟಿಲ್ಲಮ್ಮ."

"ಬಿಡಿಸ್ಬೋದು. ಒಂದು ಸೇಬು ಇದ್ಯಾ?"

ಮಾಗಿದ ಹಣ್ಣು ಬಿಡುವ ಗಾಳಿಗೆ ಈ ಜಾತಿಯ ಗಿಡಗಳಲ್ಲಿ ಹೂ ಹೊರಡಿಸುವ ಶಕ್ತಿಯಿದೆಯಂತೆ. ಒಂದು ಹಣ್ಣಾದ ಮಾವು ಪಕ್ಕದ ಕಾಯಿಗಳನ್ನೆಲ್ಲ ಹಣ್ಣು ಮಾಡುವುದು ಇದೇ ಗಾಳಿಯಿಂದ. ನಾನೂ ಪಾಠ ಮಾಡಿದ್ದೆ, ಎಥಿಲೀನ್ ಎಂಬ ಹೆಸರಿನ ಸಮೇತ. ಪಾಠ ಮಾಡಿದ್ದನ್ನೆಲ್ಲ ನಂಬಬೇಕೆಂದು ಇಲಾಖೆಯ ಯಾವ ಸುತ್ತೋಲೆಯೂ ಹೇಳಿರಲಿಲ್ಲ. ಲೋಟದ ನೀರು ಚೆಲ್ಲಿ, ಕುಂಡದೊಳಗೆ ಎರಡು ಮಾಗಿದ ಸೇಬಿಟ್ಟು, ದೊಡ್ಡ ಪ್ಲಾಸ್ಟಿಕ್ ಕವರು ಮುಚ್ಚಿ ಕಟ್ಟಿ ಹತ್ತು ದಿನ ಬಿಟ್ಟೆವು.

"ಮನೇಲಿ ನಂಗೆ ಸೇಬು ಹೆಚ್ಚಿಕೊಟ್ಟು ವರ್ಷ ಆಯ್ತು, ಗಿಡಕ್ಕೆ ಎರಡು," ಎಂದರು ನಮ್ಮ ಯಜಮಾನರು.

"ನೀವು ಹೂ ಬಿಡ್ತೀನಿ ಅಂದ್ರೆ ನಿಮಗೂ ಕೊಡ್ತೀನಿ," ಎಂದೆ.

ಕವರು ಬಿಚ್ಚಿ ಗಿಡವನ್ನು ಬೆಳಕಿಗೆ ಇಟ್ಟು ಎರಡು ತಿಂಗಳ ಮೇಲಾಗಿತ್ತು. ಒಂದು ಬೆಳಿಗ್ಗೆ ಕೆಲಸದಾಕೆ ತಾರಸಿಯಿಂದಲೇ ಕೂಗಿದಳು, "ಅಮ್ಮ, ಬೇಗ ಬನ್ನಿ, ಬಿಡ್ತು!" ಲೋಟದ ನಡುವಿನಿಂದ ಒಂದು ದಂಟು ಹೊರಟಿತ್ತು. ನಾಲ್ಕೈದು ದಿನದಲ್ಲಿ ಅದು ಬಾಗಿ ಕೆಳಗೆ ಇಳಿಬಿತ್ತು, ಗುಲಾಬಿ ಬಣ್ಣದ ಅಗಲ ಪೊರೆಗಳು ಬಿಚ್ಚಿಕೊಂಡವು, ಅವುಗಳಾಚೆ ಹಸಿರು ಹೂಗಳು. ಪ್ರತಿ ಹೂವಿನ ದಳಗಳೂ ಗಡಿಯಾರದ ಸ್ಪ್ರಿಂಗಿನ ಹಾಗೆ ಹಿಂದಕ್ಕೆ ಸುರುಳಿ ಸುತ್ತಿಕೊಂಡಿದ್ದವು. ನಾನು ಮೂವತ್ತು ವರ್ಷ ಹೂವಿನ ಭಾಗಗಳನ್ನು ಬಿಡಿಸಿ ತೋರಿಸಿದವಳು. ಅಂಥ ಹೂವನ್ನು ಕಂಡಿರಲಿಲ್ಲ. ಖುಷಿಗೆ ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಬುಡದಲ್ಲಿ ಎರಡು ಮರಿಗಳೂ ಇಣುಕುತ್ತಿದ್ದವು.

ಬಿಟಿಎಂ ಹುಡುಗಿ ಅವತ್ತೇ ಓಡಿ ಬಂದಳು. ಒಂದು ಹೂವನ್ನು ಬಿಳಿ ಹಾಳೆಯ ಮೇಲಿಟ್ಟು ಬ್ಲೇಡಿನಿಂದ ಸೀಳಿದಳು, ಕೇಸರಗಳ ಬಣ್ಣ ನೋಡಿದಳು, ಫೋಟೋ ತೆಗೆದಳು.

"ಬಿಲ್ಬರ್ಜಿಯಾ ಅನ್ನೋದು ಗ್ಯಾರಂಟಿ. ಅದ್ರಲ್ಲಿ ಎರಡು ಜಾತಿ ಹಿಂಗೇ ಇರ್ತವೆ, ಜೀಬ್ರಿನಾ ಅಂತ ಒಂದು, ಪೋರ್ಟಿಯಾನಾ ಅಂತ ಒಂದು. ಕೇಸರ ನೇರಳೆ ಇದೆ, ನನ್ ಲೆಕ್ಕದಲ್ಲಿ ಇದು ಪೋರ್ಟಿಯಾನಾ. ನಾನೆಲ್ಲೂ ಯಾರ್ ಮನೇಲೂ ನೋಡಿಲ್ಲ. ಆದ್ರೆ ಮಿಶ್ರತಳಿನೂ ಇರ್ಬೋದು, ಬರೀ ಹೂ ನೋಡಿ ಸಹಿ ಹಾಕಕ್ಕಾಗಲ್ಲ."

ಮದುವೆ ಮಾತುಕತೆಯ ಹಾಗಾಯಿತು. ಗೋತ್ರ ಗೊತ್ತು, ಮನೆತನ ಗೊತ್ತು, ಗಂಡಿನ ಹೆಸರು ಮಾತ್ರ ಖಚಿತವಿಲ್ಲ.

"ಮತ್ತೆ ಹೇಗಮ್ಮ ಗೊತ್ತಾಗೋದು?"

"ಎಲ್ಲಿಂದ ಬಂತು ಅಂತ ಗೊತ್ತಾದ್ರೆ ಸಾಕು. ಇದನ್ನ ಯಾರ್ ಹತ್ರ ತಂದ್ರಿ ಮೇಡಂ? ಅವರ ಕುಂಡದಲ್ಲಿ ಹಳೇ ಲೇಬಲ್ ಏನಾದ್ರೂ ಇತ್ತಾ?"

ಇತ್ತು. ಐಸ್‌ಕ್ರೀಂ ಡಬ್ಬಿ ಕತ್ತರಿಸಿದ ಬಿಳಿ ಪಟ್ಟಿ, ಅದರ ಮೇಲೆ ಕೆಮಿಸ್ಟ್ರಿ ಮೇಡಂ ಅವರ ದುಂಡು ಅಕ್ಷರ. ಕಣ್ಣಿಗೆ ಬಿದ್ದಿತ್ತು, ಓದಿರಲಿಲ್ಲ. ಕಳ್ಳತನ ಮಾಡುವಾಗ ಓದುತ್ತ ನಿಲ್ಲಲು ಆಗುತ್ತದೆಯೇ?

"ಒಬ್ರು ಕೊಟ್ಟಿದ್ದು," ಎಂದೆ.

"ಹಾಗಾದ್ರೆ ಅವ್ರನ್ನೇ ಕೇಳಿ ಮೇಡಂ. ಒಂದು ಫೋನ್ ಸಾಕು."

ಆ ಒಂದು ಫೋನಿಗೆ ನನಗೆ ಮೂರು ದಿನ ಬೇಕಾಯಿತು. ಹೂಗಳು ಉದುರಲು ಶುರುವಾದ ಮೇಲೆ, ಅಡುಗೆಮನೆಯಲ್ಲಿ ನಿಂತು ಫೋನು ಮಾಡಿದೆ. ಕೆಲಸದಾಕೆ ನಡುಮನೆಯಲ್ಲಿ ನೆಲ ಒರೆಸುತ್ತಿದ್ದಳು. ಮಂಡಿನೋವು, ಮೊಮ್ಮಕ್ಕಳು, ಕಾವೇರಿ ನೀರು ಎಲ್ಲ ವಿಚಾರಿಸಿಕೊಂಡು ಮೆಲ್ಲಗೆ ವಿಷಯಕ್ಕೆ ಬಂದೆ.

"ಮೇಡಂ, ನಿಮ್ಮನೆ ಸಂದೀಲಿ ಪಟ್ಟೆಪಟ್ಟೆ ಬ್ರೊಮೀಲಿಯಾಡ್ ಒಂದಿತ್ತಲ್ಲ, ಅದರ ಹೆಸ್ರೇನು? ಎಲ್ಲೋ ಫೋಟೋ ನೋಡ್ದೆ, ಅದಕ್ಕೆ ನೆನಪಾಯ್ತು."

"ಬಿಲ್ಬರ್ಜಿಯಾ ಪೋರ್ಟಿಯಾನಾ," ಎಂದರು ಮೇಡಂ, ಒಂದು ಕ್ಷಣವೂ ಯೋಚಿಸದೆ. "ನಮ್ ಭಾವ ತೋಟಗಾರಿಕೆಲಿದ್ದಾಗ ಹಳೇ ಗ್ರೀನ್‌ಹೌಸಿಂದ ತಂದುಕೊಟ್ಟಿದ್ದು. ಅಲ್ಲಿದ್ದ ಲೇಬಲ್ ನೋಡಿ ನಾನೇ ಬರ್ಕೊಂಡಿದ್ದೆ. ಹೂ ಬಿಟ್ಟು ತಾಯಿ ಸತ್ತೋಯ್ತು. ಒಂದೇ ಒಂದು ಮರಿ ಇತ್ತು ಮೇಡಂ, ಅದನ್ನ ಕಿತ್ತು ಗಿಡದ ಗಾಡಿಯವನಿಗೆ ಮಾರ್ಕೊಂಡ್ಳು."

"ಯಾರು?"

"ಇನ್ಯಾರು, ನೀವಿಟ್ಕೊಂಡಿದೀರಲ್ಲ, ಅವಳೇ. ಹಬ್ಬದ ಮಾರನೇ ದಿನ ನೋಡ್ತೀನಿ, ಮರಿ ಇಲ್ಲ! ಆ ಸಂದಿ ಗುಡಿಸೋಳು ಅವಳೊಬ್ಳೇ. ಬೀದೀಲಿ ನಿಲ್ಸಿ ಕೇಳ್ದೆ, ಅಕ್ಕಪಕ್ಕದೋರೆಲ್ಲ ಬಂದ್ರು, ಆದ್ರೂ ಬಾಯಿ ಬಿಡ್ಲಿಲ್ಲ. ಕೈ ಸರಿಯಿಲ್ಲ ಅಂತ ನಿಮಗೆ ಅವಾಗ್ಲೇ ಹೇಳಿದ್ನಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅಂಗೈ ನೋಡಿಕೊಂಡೆ.

"ಹಬ್ಬಕ್ಕೆ ಬಂದಿದ್ದೋರು ಯಾರಾದ್ರೂ ತಗೊಂಡಿರ್ಬೋದಲ್ವಾ ಮೇಡಂ?"

"ಛೆ ಛೆ, ಏನ್ ಮಾತಾಡ್ತೀರಿ? ಅರಿಶಿನ ಕುಂಕುಮಕ್ಕೆ ಬಂದಿದ್ದೋರೆಲ್ಲ ನಮ್ಮಂಥೋರು."

"ಅದೂ ಸರೀನೇ," ಎಂದೆ.

ಹೌದು, ಹಾಗೇ ಅಂದೆ. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಮ್ಮಂಥೋರು ಎಂಬ ಪದ ಕೇಳಿದ ಕೂಡಲೇ ಅದು ಹಿಂದಕ್ಕೆ ಹೋಗಿ ಕೂತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಬರೆ ಹಾಕಿಸಿಕೊಂಡ ಎಮ್ಮೆ ನನ್ನ ಮನೆಯ ನೆಲ ಒರೆಸುತ್ತಿತ್ತು, ಎತ್ತು ಅಡುಗೆಮನೆಯಲ್ಲಿ ನಿಂತು ಹೌದು ಹೌದು ಎನ್ನುತ್ತಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಫೋನು ಇಟ್ಟ ಮೇಲೆ ಮೊದಲು ಮಾಡಿದ್ದು ಬಿಟಿಎಂ ಹುಡುಗಿಗೆ ಮೆಸೇಜು, "ಪೋರ್ಟಿಯಾನಾ ಅಂತೆ, ಹಳೇ ಲೇಬಲ್ ಇತ್ತಂತೆ." ಹೇಸಿಗೆ ಒಂದು ಕಡೆ, ಹೆಸರು ಒಂದು ಕಡೆ.

ಮಧ್ಯಾಹ್ನದೊಳಗೆ ಗುಂಪಿನಲ್ಲಿ ಹಬ್ಬ. ಹುಡುಗಿ ಉದ್ದದ ಟಿಪ್ಪಣಿ ಬರೆದು, ಬೆಂಗಳೂರಿನ ಮನೆತೋಟದಲ್ಲಿ ಇಂಥ ಗಿಡ ಸಿಗುವುದು ಅಪರೂಪ, ಇಷ್ಟು ವರ್ಷ ಇದನ್ನು ಕಾಪಾಡಿದ ಮೇಡಂ ಅವರಿಗೆ ಧನ್ಯವಾದ ಎಂದು ಹಾಕಿದಳು. ಚಪ್ಪಾಳೆಗಳು ಬಂದವು, ಹೂಗುಚ್ಛಗಳು ಬಂದವು. ಕಾಪಾಡಿದ ಮೇಡಂ ಊಟ ಬಿಟ್ಟು ಎಲ್ಲರಿಗೂ ಕೈಮುಗಿಯುವ ಚಿತ್ರ ಕಳಿಸುತ್ತ ಕೂತಿದ್ದರು.

ಮಾರನೆಯ ಬೆಳಿಗ್ಗೆ ತಾರಸಿಯಲ್ಲಿ ಹೆಸರಿನ ಪಟ್ಟಿ ಬರೆಯುತ್ತಿದ್ದೆ. ಆಕೆ ಕುಂಡಗಳ ನೀರು ಚೆಲ್ಲುತ್ತ ನನ್ನ ಹತ್ತಿರ ಬಂದು ನಿಂತಳು.

"ನಿನ್ನೆ ಫೋನಲ್ಲಿ ಆಯಮ್ಮನಾ?"

"ಹೂಂ."

"ಹೇಳಿದ್ರಾ, ನಾನಲ್ಲ ಅಂತ?"

ನನ್ನ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು. ಏನು ನೀನಲ್ಲ ಎಂದು ಕೇಳುವಷ್ಟು ನಾಟಕ ನನಗೂ ಬರಲಿಲ್ಲ.

"ನಿಂಗೆ ಯಾವಾಗ ಗೊತ್ತಾಯ್ತು?"

"ಇಲ್ಲಿ ಕೆಲ್ಸಕ್ಕೆ ಬಂದ್ ಮೊದಲ್ನೇ ದಿನಾನೇ. ಆ ಮರಿದು ಒಂದು ಎಲೆ ತುದಿ ನಾನೇ ಪೊರಕೆ ತಗಲ್ಸಿ ಮುರ್ದಿದ್ದೆ, ಆಯಮ್ಮ ಬೈತಾರೆ ಅಂತ ಗೋಡೆ ಕಡೆ ತಿರುಗ್ಸಿಟ್ಟಿದ್ದೆ. ಇಲ್ಲಿ ಟ್ಯಾಂಕ್ ಹತ್ರ ನೋಡಿದ್ರೆ ಅದೇ ಎಲೆ, ಅದೇ ಮುರುಕು."

ಆ್ಯಪ್ ಆಗಿತ್ತು, ಗುಂಪಾಗಿತ್ತು, ನರ್ಸರಿಯಾಗಿತ್ತು, ಮಸೂರವಾಗಿತ್ತು, ಎರಡು ಸೇಬಾಗಿತ್ತು. ಗಿಡವನ್ನು ಒಂದೇ ನೋಟಕ್ಕೆ ಗುರುತು ಹಿಡಿದವಳು ದಿನಾ ನನ್ನ ಮುಂದೆಯೇ ಓಡಾಡುತ್ತಿದ್ದಳು. ಆಕೆಯನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

"ಆರು ವರ್ಷ ಯಾಕಮ್ಮ ಹೇಳ್ಲಿಲ್ಲ?"

"ಹೇಳಿ ಏನ್ ಮಾಡ್ಲಿ? ಆ ರೋಡಲ್ಲಿ ನಾಲ್ಕ್ ಮನೆ ಕೆಲ್ಸ ಹೋಯ್ತು ನಂಗೆ, ಕಳ್ಳಿ ಅಂತ. ನಿಮ್ಮನೇನೂ ಕಳ್ಕೊಳ್ಬೇಕಿತ್ತಾ? ನೀವು ಬೆಳ್ಳಿ ದೀಪಕ್ಕೆ ಬೀಗ ಹಾಕಿದ್ರಲ್ಲ, ಅವಾಗ ಮಾತ್ರ ತಡ್ಕೊಳಕ್ಕಾಗ್ಲಿಲ್ಲ. ಬಚ್ಚಲಿಗೋಗಿ ಒಬ್ಳೇ ನಕ್ಕೊಂಡೆ."

"ಮತ್ತೆ ಈ ಗಿಡಕ್ಕೆ ಇಷ್ಟು ವರ್ಷ ನೀರು..."

"ಗಿಡ ಏನ್ ಮಾಡ್ತಮ್ಮ ಪಾಪ?"

ನನಗೆ ಅಳು ಬಂತು. ಅಳುವುದೂ ಒಂದು ರೀತಿಯ ಜಾಣತನವೇ, ಎದುರಿನವರು ಸಮಾಧಾನ ಮಾಡುತ್ತಾರೆ. ಆಕೆ ಮಾಡಲಿಲ್ಲ. ಮಗ್ಗು ಹಿಡಿದುಕೊಂಡು ಕಾಯುತ್ತ ನಿಂತಿದ್ದಳು. ದೀಪಾವಳಿಗೆ ಒಳ್ಳೆ ರೇಷ್ಮೆ ಸೀರೆ ಕೊಡಿಸುತ್ತೇನೆ ಎಂದೆ. ಬೇಡ ಎಂದಳು. ಈಗಲೇ ಮೇಡಂಗೆ ಫೋನು ಮಾಡಿ ಎಲ್ಲ ಹೇಳುತ್ತೇನೆ, ನೀನೇ ಕೇಳಿಸಿಕೋ ಎಂದೆ. ಅದೂ ಬೇಡ ಎಂದಳು.

"ನನ್ನ ಬೀದೀಲಿ ನಿಲ್ಸಿ ಬೈದ್ರಮ್ಮ, ಫೋನಲ್ಲಲ್ಲ. ನೀವೂ ಅಲ್ಲೇ ಬಂದ್ ಹೇಳಿ."

ಆ ರಾತ್ರಿ ನಮ್ಮ ಯಜಮಾನರು ಒಂದು ಗಿಡಕ್ಕೆ ಇಷ್ಟೊಂದು ರಾಮಾಯಣವೇ ಎಂದರು. ಗಿಡಕ್ಕಲ್ಲ ಎಂದೆ. ನಲವತ್ತು ವರ್ಷದಿಂದ ಸಂಪಾದಿಸಿಟ್ಟ ಟೀಚರ್ ಎಂಬ ಮರ್ಯಾದೆ ಒಂದು ಬೆಳಿಗ್ಗೆಯಲ್ಲಿ ಹೋಗುತ್ತದೆ ಎಂಬ ಹೆದರಿಕೆ ನನಗಿತ್ತು. ಆಕೆಯದು ಹೋಗಿ ಆರು ವರ್ಷವಾಗಿತ್ತು ಎಂಬುದೂ ನೆನಪಿತ್ತು.

ಶನಿವಾರ ಬೆಳಿಗ್ಗೆ ಏಳೂವರೆಗೆ ಆಟೋದಲ್ಲಿ ಹೊರಟೆವು. ಕುಂಡ ಆಕೆಯ ತೊಡೆಯ ಮೇಲಿತ್ತು, ಕೊನೆಯ ಎರಡು ಹೂಗಳು ದಂಟಿನಲ್ಲಿ ತೂಗುತ್ತಿದ್ದವು. ಆಕೆ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದಳು.

ಜಯನಗರದ ಆ ಬೀದಿಯಲ್ಲಿ ಶನಿವಾರ ಬೆಳಗೆಂದರೆ ಎಲ್ಲರೂ ಹೊರಗೇ ಇರುತ್ತಾರೆ. ಎದುರು ಮನೆಯ ಹೆಂಗಸು ರಂಗೋಲಿ ಹಾಕುತ್ತಿದ್ದರು. ಪಕ್ಕದ ಮನೆಯವರು ಕಾರು ಒರೆಸುತ್ತಿದ್ದರು. ಮೇಡಂ ಗೇಟು ತೆಗೆದು, ನನ್ನನ್ನು ನೋಡಿ ನಕ್ಕು, ಆಕೆಯನ್ನು ನೋಡಿ ಮುಖ ಗಂಟಿಕ್ಕಿ, ಕುಂಡವನ್ನು ನೋಡಿ ಎಲ್ಲ ಮರೆತರು.

"ಅಯ್ಯೋ, ಪೋರ್ಟಿಯಾನಾ! ಎಲ್ಲಿ ಸಿಕ್ತು ಮೇಡಂ? ಬನ್ನಿ, ಬನ್ನಿ ಒಳಗೆ, ಕಾಫಿ ಕುಡೀತಾ ಮಾತಾಡೋಣ."

ಒಂದು ಹೆಜ್ಜೆ ಒಳಗಿಟ್ಟಿದ್ದೆ. ತಿರುಗಿ ನೋಡಿದರೆ ಆಕೆ ಗೇಟಿನ ಹೊರಗೇ ನಿಂತಿದ್ದಳು, ಕುಂಡವನ್ನು ಎದೆಗೆ ಒತ್ತಿಕೊಂಡು. ಆ ಹೆಜ್ಜೆ ಹಿಂದಕ್ಕೆ ತೆಗೆದುಕೊಂಡೆ.

"ಇದು ನಿಮ್ದೇ ಮೇಡಂ. ಆ ಹಬ್ಬದ ದಿನ ಮರಿ ಕಿತ್ಕೊಂಡೋಗಿದ್ದು ನಾನು. ನೀವ್ ಕೊಟ್ಟ ತಾಂಬೂಲದ ಕವರಲ್ಲೇ ಹಾಕ್ಕೊಂಡೋದೆ. ಇವಳು ಮುಟ್ಟಿಲ್ಲ. ಕದ್ದಿದ್ದು ನಾನು."

ಮೇಡಂ ಒಂದು ಸಲ ನನ್ನನ್ನು ನೋಡಿದರು, ಒಂದು ಸಲ ಬೀದಿಯ ಎರಡೂ ಕಡೆ ನೋಡಿದರು. ಅವರ ಮುಖ ಸುಣ್ಣದ ಹಾಗಾಗಿತ್ತು.

"ಮೆತ್ತಗೆ ಮೇಡಂ," ಎಂದರು ಪಿಸುಗುಟ್ಟುತ್ತ, "ಯಾರಾದ್ರೂ ಕೇಳಿಸ್ಕೊಂಡಾರು. ಒಳಗ್ ಬನ್ನಿ ಮೊದ್ಲು."

ಎದುರು ಮನೆಯ ಹೆಂಗಸು ರಂಗೋಲಿ ಬಟ್ಟಲು ಹಿಡಿದು ಎದ್ದು ನಿಂತಿದ್ದರು. ಆ ನಾಲ್ಕು ಮನೆಗಳಲ್ಲಿ ಅವರದೂ ಒಂದು. ಆಕೆ ಕುಂಡವನ್ನು ಗೇಟಿನ ಪಕ್ಕದ ಕಟ್ಟೆಯ ಮೇಲಿಟ್ಟು ಸೆರಗು ಸರಿಮಾಡಿಕೊಂಡಳು.

"ಅಮ್ಮ," ಎಂದಳು, "ಆ ಅಕ್ಕಂಗೆ ಸರಿಯಾಗಿ ಕೇಳಿಸ್ಲಿಲ್ಲ ಅನ್ಸುತ್ತೆ. ಇನ್ನೊಂದ್ಸಲ ಹೇಳಿ."

ನಾನು ಎದುರು ಮನೆಯ ಕಡೆ ತಿರುಗಿ, ಇನ್ನೊಂದು ಸಲ ಹೇಳಿದೆ.